ಮೂರನೇ ಸೆಮಿಸ್ಟರ್‌ಗೆ ಬಾರದವರು

ಬಿಎ ಮೊದಲ ವರ್ಷಕ್ಕೆ ನೂರು ಜನ ಸೇರಿದರು ಎಂದಿಟ್ಟುಕೊಳ್ಳಿ. ಮೂರು ವರ್ಷ ಕಳೆದು ಆರನೇ ಸೆಮಿಸ್ಟರ್ ಪರೀಕ್ಷೆಗೆ ಕೂತವರು 55 ಮಂದಿ, ಪಾಸಾದವರು 45. ಕಾಲೇಜಿನ ಗೇಟಿಗೆ ಬ್ಯಾನರ್ ಬೀಳುತ್ತದೆ: ‘ಫಲಿತಾಂಶ ಶೇ 82’. ಲೆಕ್ಕದಲ್ಲಿ ತಪ್ಪೇನೂ ಇಲ್ಲ, 55ರಲ್ಲಿ 45 ಎಂದರೆ ಅಷ್ಟೇ ಆಗುವುದು. ಇವು ಸುಮ್ಮನೆ ಉದಾಹರಣೆಗೆ ಹಿಡಿದ ಅಂಕಿಗಳು, ಯಾವ ಕಾಲೇಜಿನವೂ ಅಲ್ಲ. ಫಲಿತಾಂಶ ತೆಗೆಯುವ ಪದ್ಧತಿ ಮಾತ್ರ ಹೀಗೆಯೇ ಇದೆ: ಪರೀಕ್ಷೆಗೆ ಹಾಜರಾದವರೆಷ್ಟು, ಅವರಲ್ಲಿ ಪಾಸಾದವರೆಷ್ಟು. ಪರೀಕ್ಷಾ ಹಾಲಿನ ತನಕವೇ ಬಾರದ ಇನ್ನುಳಿದ 45 ಮಂದಿ ಈ ಭಾಗಾಕಾರದ ಹೊರಗೇ ಉಳಿದುಬಿಡುತ್ತಾರೆ.

ಶಾಲೆ ಬಿಟ್ಟ ಮಗುವನ್ನು ಹುಡುಕಲು ಒಂದು ವ್ಯವಸ್ಥೆಯಾದರೂ ಇದೆ. ಹಾಜರಿಯಲ್ಲಿ ಹೆಸರು ಕಾಣದಿದ್ದರೆ ಮೇಷ್ಟ್ರು ಮನೆಗೆ ಬರುತ್ತಾರೆ, ಶಾಲೆಗಳ ಕ್ಲಸ್ಟರ್ ನೋಡಿಕೊಳ್ಳುವ ಸಿಆರ್‌ಪಿ ಬರುತ್ತಾರೆ, ಕಾರಣ ಬರೆದುಕೊಳ್ಳುತ್ತಾರೆ. ಹದಿನೆಂಟು ದಾಟಿದವನನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆ ಪ್ರತಿವರ್ಷ ನಡೆಯುತ್ತದೆ ನಿಜ. 2021-22ರ ಸಮೀಕ್ಷೆಯ ಪ್ರಕಾರ 18ರಿಂದ 23ರ ವಯಸ್ಸಿನವರಲ್ಲಿ ಉನ್ನತ ಶಿಕ್ಷಣ ಸೇರಿದವರ ಪ್ರಮಾಣ ಕರ್ನಾಟಕದಲ್ಲಿ ಶೇ 36.2, ದೇಶದಲ್ಲಿ ಶೇ 28.4. ಹೆಮ್ಮೆಪಡುವ ಅಂಕಿಯೇ. ಆದರೆ ಅದು ಆ ವರ್ಷ ದಾಖಲಾದವರ ತಲೆ ಎಣಿಕೆ. ಹೋದ ವರ್ಷದ ಹುಡುಗ ಈ ವರ್ಷ ಕಾಣೆಯಾಗಿ, ಅವನ ಜಾಗಕ್ಕೆ ಹೊಸಬ ಬಂದು ಕೂತರೂ ಎಣಿಕೆ ಕದಲುವುದಿಲ್ಲ.

ಹೀಗೆ ಕಾಣೆಯಾದವರು ಎಲ್ಲಿ ಹೋದರು, ಏಕೆ ಹೋದರು ಎಂಬ ಪ್ರಶ್ನೆಯನ್ನು ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಕೇಳಿ ನೋಡಲು ಕಾರಣವಿದೆ. ಮೂರೂ ಊರು ಒಂದೇ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ, 150ಎ. ಸಿಂಧನೂರಿನಲ್ಲಿ ಬಸ್ ಹತ್ತಿದರೆ ನಡುವೆ ಮಸ್ಕಿ, ಮುಂದೆ ಲಿಂಗಸುಗೂರು. ಭಾಷೆ ಒಂದೇ, ಜಾತ್ರೆಗಳು ಒಂದೇ, ಬೀಗತನವೂ ಈ ಊರುಗಳ ನಡುವೆಯೇ. ಆದರೆ ನೀರಿನ ಲೆಕ್ಕ ಬೇರೆ ಬೇರೆ. ಸಿಂಧನೂರಿಗೆ ತುಂಗಭದ್ರಾ ಎಡದಂಡೆ ಕಾಲುವೆ ಬಂತು. ಅದರ ಹಿಂದೆ ಆಂಧ್ರದಿಂದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು, ಎಪ್ಪತ್ತರ ದಶಕದಲ್ಲಿ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳಾದವು, ರೈಸ್ ಮಿಲ್ಲುಗಳು ಎದ್ದವು. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ, ಮುದಗಲ್ ಕೋಟೆ ಇದೆ, ನಾರಾಯಣಪುರ ಬಲದಂಡೆಯ ನೀರು ಮುಟ್ಟಿದ ಹೊಲಗಳೂ ಮುಟ್ಟದ ಬೀಳೂ ಅಕ್ಕಪಕ್ಕದಲ್ಲೇ ಇವೆ. ನಡುವಿನ ಮಸ್ಕಿ 2018ರಲ್ಲಷ್ಟೇ ತಾಲ್ಲೂಕಾಯಿತು. ಅಲ್ಲಿನ ಪಾಮನಕಲ್ಲೂರು ಭಾಗದ ರೈತರು 5ಎ ಕಾಲುವೆಗಾಗಿ ತಿಂಗಳುಗಟ್ಟಲೆ ಧರಣಿ ಕೂತದ್ದು ಹಳೆಯ ಮಾತೇನಲ್ಲ. ಮೂರೂ ಕಡೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಯಾರು ಎಷ್ಟು ವರ್ಷ ಓದುತ್ತಾರೆ ಎಂಬುದಕ್ಕೂ ಕಾಲುವೆಗೆ ಎಂದು ನೀರು ಬಿಡುತ್ತಾರೆ ಎಂಬುದಕ್ಕೂ ಇಲ್ಲಿ ಸಂಬಂಧವಿದೆ. ಶಿಕ್ಷಣದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮುಟ್ಟದ ವಿಷಯವದು.

ತಾಲ್ಲೂಕು ಕೇಂದ್ರದ ಈ ಕಾಲೇಜುಗಳಿಗೆ ಅಮೆರಿಕದಲ್ಲಿ ಒಂದು ಹತ್ತಿರದ ನೆಂಟಸ್ತಿಕೆ ಇದೆ. ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬಲ್ಲಿ 1901ರಲ್ಲಿ ಶುರುವಾದ ಎರಡು ವರ್ಷದ ಕಾಲೇಜಿನಿಂದ ಅಲ್ಲಿನ ಕಮ್ಯುನಿಟಿ ಕಾಲೇಜುಗಳ ಪರಂಪರೆ ಬೆಳೆಯಿತು. ಕಡಿಮೆ ಶುಲ್ಕ, ಯಾರು ಬಂದರೂ ಪ್ರವೇಶ, ಹಾಸ್ಟೆಲ್ ಜೀವನ ಕಡಿಮೆ, ಊಟ-ನಿದ್ದೆ ಎಲ್ಲ ಮನೆಯಲ್ಲೇ. ನಮ್ಮಲ್ಲಿ ಆ ಹೆಸರಿನ ಪ್ರಯೋಗ 1995ರಲ್ಲಿ ಪುದುಚೇರಿಯಲ್ಲಿ ಆರಂಭವಾಗಿ, 2013ರ ಹೊತ್ತಿಗೆ ಯುಜಿಸಿ ಯೋಜನೆಯಾಗಿ ದೇಶಕ್ಕೆಲ್ಲ ಬಂತು: ಸ್ಥಳೀಯ ಉದ್ದಿಮೆಯ ಜೊತೆಗೂಡಿ ಡಿಪ್ಲೊಮಾ ಕೊಡುವುದು ಅದರ ಗುರಿ. ನಮ್ಮ ತಾಲ್ಲೂಕುಗಳ ಮಟ್ಟಿಗೆ ಹೆಸರು ಏನೇ ಇರಲಿ, ಆ ಕೆಲಸ ಮಾಡುತ್ತಿರುವುದು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೇ. ರಾಜ್ಯದಲ್ಲಿ ಇವು 430ರಷ್ಟಿವೆ. 2007ರ ಸುಮಾರಿಗೆ ನೂರಕ್ಕೂ ಹೆಚ್ಚು ಕಾಲೇಜುಗಳನ್ನು ಒಟ್ಟೊಟ್ಟಿಗೆ ತೆರೆದದ್ದರಿಂದ ಡಿಗ್ರಿ ಎಂಬುದು ರಾಯಚೂರು, ಕಲಬುರಗಿಗೆ ಹೋಗಿ ರೂಮು ಮಾಡಬಲ್ಲವರಿಗಷ್ಟೇ ಸೇರಿದ್ದು ಎನ್ನುವ ಕಾಲ ಮುಗಿಯಿತು. ಎಷ್ಟು ಟೀಕೆ ಮಾಡಿದರೂ ಇದೊಂದು ದೊಡ್ಡ ಸಾಧನೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 59.56, ರಾಜ್ಯದ್ದು ಶೇ 75.36. ಜಿಲ್ಲೆಯ ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೂ ಓದು ಬರುತ್ತಿರಲಿಲ್ಲ. ಇವತ್ತು ಕಾಲೇಜಿನ ಬೆಂಚಿನ ಮೇಲೆ ಕೂತಿರುವುದು ಆ ತಾಯಂದಿರ ಮಕ್ಕಳು. ಮನೆಯಲ್ಲಿ ಸೆಮಿಸ್ಟರ್ ಎಂದರೇನು, ಇಂಟರ್ನಲ್ ಎಂದರೇನು ಎಂದು ತಿಳಿದವರಿಲ್ಲ. ‘ಕಾಲೇಜಿಗೆ ಹೊಕ್ಕಾನ’ ಎಂಬುದಷ್ಟೇ ಮನೆಯವರಿಗೆ ಗೊತ್ತು. ಹೋಗುವುದು ನಿಂತಾಗಲೂ ಅವರಿಗೆ ಅದು ತಡವಾಗಿಯೇ ತಿಳಿಯುತ್ತದೆ.

ಕಾಲೇಜು ಏಕೆ ಬಿಡುತ್ತಾರೆ ಎಂಬುದಕ್ಕೆ 1975ರಲ್ಲಿ ಅಮೆರಿಕದ ವಿನ್ಸೆಂಟ್ ಟಿಂಟೊ ಕೊಟ್ಟ ವಿವರಣೆ ಬಹುಕಾಲ ಮೇಲುಗೈ ಪಡೆದಿತ್ತು. ಕಾಲೇಜಿನ ಬದುಕಿನಲ್ಲಿ ಬೆರೆತವನು ಉಳಿಯುತ್ತಾನೆ, ಬೆರೆಯಲಾಗದವನು ಹೊರಡುತ್ತಾನೆ ಎಂಬುದು ಅದರ ತಿರುಳು. ಗೆಳೆಯರು, ಸಂಘಗಳು, ಪ್ರಾಧ್ಯಾಪಕರ ಒಡನಾಟ ಇವೆಲ್ಲ ಅದರಲ್ಲಿ ಮುಖ್ಯ. ಹಾಸ್ಟೆಲ್‌ನಲ್ಲೇ ಉಳಿದು ಓದುವವರಿಗೆ ಒಪ್ಪುವ ಮಾತು. ಹತ್ತು ವರ್ಷದ ಬಳಿಕ, 1985ರಲ್ಲಿ ಜಾನ್ ಬೀನ್ ಮತ್ತು ಬಾರ್ಬರಾ ಮೆಟ್ಜ್‌ನರ್ ಬೇರೆ ಮಾತು ಹೇಳಿದರು: ಮನೆಯಿಂದ ಓಡಾಡುವ, ದುಡಿಯುತ್ತ ಓದುವ, ಸಂಸಾರದ ಭಾರ ಹೊತ್ತ ವಿದ್ಯಾರ್ಥಿಗಳ ವಿಷಯದಲ್ಲಿ ಕಾಲೇಜಿನ ಒಳಗಿನ ಒಡನಾಟಕ್ಕಿಂತ ಹೊರಗಿನ ಸ್ಥಿತಿಯೇ ಹೆಚ್ಚು ನಿರ್ಣಾಯಕ. ಕೈಯಲ್ಲಿ ಕಾಸು, ದುಡಿಮೆಯ ತಾಸು, ಮನೆಯ ಜವಾಬ್ದಾರಿ ಇವು ಎಡವಟ್ಟಾದರೆ ಒಳ್ಳೆಯ ಅಂಕ ಬಂದವನೂ ಬಿಟ್ಟುಹೋಗುತ್ತಾನೆ. ಇವು ಸರಿಯಾಗಿದ್ದರೆ ಸಾಧಾರಣ ವಿದ್ಯಾರ್ಥಿಯೂ ದಡ ಮುಟ್ಟುತ್ತಾನೆ. ಅವರು ತುರ್ವಿಹಾಳವನ್ನೋ ಸಂತೆಕೆಲ್ಲೂರನ್ನೋ ಕಂಡವರಲ್ಲ. ಆದರೂ ಅವರ ಮಾತು ಇಲ್ಲಿಗೆ ಅಳತೆ ತೆಗೆದು ಹೊಲಿಸಿದ ಹಾಗಿದೆ.

ಏಕೆಂದು ತಿಳಿಯಲು ಪಂಚಾಂಗದ ಪಕ್ಕದಲ್ಲಿ ಸೆಮಿಸ್ಟರ್ ವೇಳಾಪಟ್ಟಿ ಇಟ್ಟು ನೋಡಬೇಕು. ಕಾಲುವೆಗೆ ನೀರು ಬಂದು ಭತ್ತದ ನಾಟಿ ಏರುವುದು ಜುಲೈ, ಆಗಸ್ಟಿನಲ್ಲಿ. ಡಿಗ್ರಿ ಪ್ರವೇಶ ಮುಗಿದು ಮೊದಲ ಸೆಮಿಸ್ಟರ್‌ನ ಪಾಠ ಶುರುವಾಗುವುದೂ ಅದರ ಆಸುಪಾಸಿನಲ್ಲೇ. ನವೆಂಬರಿನಲ್ಲಿ ಭತ್ತದ ಕೊಯ್ಲು, ಒಣಭೂಮಿಯ ಕಡೆ ಹತ್ತಿ ಬಿಡಿಸುವುದು. ಇಂಟರ್ನಲ್ ಟೆಸ್ಟು, ಅಸೈನ್‌ಮೆಂಟು, ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ಎಲ್ಲ ಬರುವುದು ಈ ತಿಂಗಳುಗಳಲ್ಲಿ. ಜನವರಿಯಲ್ಲಿ ಎರಡನೇ ಬೆಳೆಯ ನಾಟಿ ಮತ್ತು ಪರೀಕ್ಷೆ. ಆ ಬಳಿಕ ಮೆಣಸಿನಕಾಯಿ ಬಿಡಿಸುವ ಕೆಲಸ. ಹತ್ತಿ ಬಿಡಿಸಲು ಕೆಜಿ ಲೆಕ್ಕದ ಕೂಲಿ. ಇಬ್ಬರು ಹೋದರೆ ಒಬ್ಬರಿಗಿಂತ ಹೆಚ್ಚು ಎಂಬುದು ಯಾವ ತಾಯಿಗೂ ಗೊತ್ತು. ‘ಹದಿನೈದು ದಿನ ಬಾ, ಆಮ್ಯಾಲ ಹೋಗುವಂತಿ’ ಎನ್ನುತ್ತಾಳೆ. ತಪ್ಪೇನಿದೆ? ಆ ಹಣದಲ್ಲೇ ಅವನ ಪರೀಕ್ಷಾ ಶುಲ್ಕವೂ ಇರುತ್ತದೆ. ಹದಿನೈದು ದಿನ ಒಂದು ತಿಂಗಳಾಗುತ್ತದೆ. ಹಾಜರಿ ಶೇ 75ಕ್ಕಿಂತ ಕೆಳಗಿಳಿದಿರುತ್ತದೆ, ಟೆಸ್ಟ್ ತಪ್ಪಿರುತ್ತದೆ.

ನೀರು ಬಾರದ ವರ್ಷದ ಕತೆ ಬೇರೆ. 2023ರಲ್ಲಿ ಬರ ಬಿತ್ತು, ತುಂಗಭದ್ರಾ ಜಲಾಶಯ ತುಂಬಲಿಲ್ಲ, ಎರಡನೇ ಬೆಳೆಗೆ ನೀರಿಲ್ಲ. ಮರುವರ್ಷ ಡ್ಯಾಂ ತುಂಬಿತು ಎನ್ನುವಾಗಲೇ, ಆಗಸ್ಟ್ 10ರ ರಾತ್ರಿ, 19ನೇ ಗೇಟಿನ ಚೈನು ತುಂಡಾಗಿ ನೀರು ಹೊಳೆಗೆ ಹರಿಯಿತು. ಗೇಟು ಕೂರಿಸಿ ಮತ್ತೆ ನೀರು ನಿಲ್ಲಿಸಿದರು, ಮಳೆಯೂ ಕೈಹಿಡಿಯಿತು. ಆದರೆ ಆ ಒಂದು ವಾರ ಎಡದಂಡೆಯ ಹಳ್ಳಿಗಳು ಉಸಿರು ಬಿಗಿಹಿಡಿದೇ ಇದ್ದವು. ನೀರಿಲ್ಲದಿದ್ದರೆ ನಾಟಿ ಇಲ್ಲ, ನಾಟಿ ಇಲ್ಲದಿದ್ದರೆ ಕೂಲಿ ಇಲ್ಲ, ಕೂಲಿ ಇಲ್ಲದಿದ್ದರೆ ಗುಳೆ. ಮಸ್ಕಿ, ಲಿಂಗಸುಗೂರು ಕಡೆಯ ತಾಂಡಾಗಳಿಗೆ ಇದು ವಾಡಿಕೆ, ಬೆಂಗಳೂರು, ಪುಣೆಯ ಕಟ್ಟಡ ಕೆಲಸಕ್ಕೆ ಮನೆಮಂದಿಯೆಲ್ಲ ಹೊರಡುತ್ತಾರೆ. ಡಿಗ್ರಿ ಓದುವವನು ಬರೆಯಬಲ್ಲ, ಬೆಂಗಳೂರಿನಲ್ಲಿ ದಾರಿ ಕೇಳಬಲ್ಲ. ಅವನನ್ನು ಮೊದಲು ಕಳಿಸುತ್ತಾರೆ. ನೀರು ಹೆಚ್ಚಿದ್ದರೆ ಹೊಲ ಕರೆಯುತ್ತದೆ, ಇಲ್ಲದಿದ್ದರೆ ಬೆಂಗಳೂರು ಕರೆಯುತ್ತದೆ. ಕಾಲೇಜಿಗೆ ಹೊಂದುವ ವರ್ಷ ಬರುವುದು ಕಡಿಮೆ.

ಇಷ್ಟಾದರೂ ಕೂಲಿ ಮಾಡಿದವರೆಲ್ಲ ಕಾಲೇಜು ಬಿಡುವುದಿಲ್ಲ. ಕಾಲೇಜು ಬಿಡಿಸುವ ಮುಖ್ಯ ಗಂಟು ಇನ್ನೊಂದಿದೆ: ಮೊದಲ ಸೆಮಿಸ್ಟರ್‌ನ ಫೇಲು.

ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಬಿಎ ಸುಸೂತ್ರ, ಉತ್ತರ ಕನ್ನಡದಲ್ಲೇ ಬರೆಯಬಹುದು. ಇಂಗ್ಲಿಷ್ ಪತ್ರಿಕೆಯೊಂದು ಕಾಡುತ್ತದೆ. ಬಿಕಾಂನಲ್ಲಿ ಅಕೌಂಟೆನ್ಸಿ ಜೊತೆಗೂಡುತ್ತದೆ. ಬಿಎಸ್ಸಿಗೆ ಬಂದವರಿಗೆ ಪಾಠವೇ ಇಂಗ್ಲಿಷಿನಲ್ಲಿ. ಮೊದಲ ಸೆಮಿಸ್ಟರ್‌ನಲ್ಲಿ ಒಂದೋ ಎರಡೋ ಪತ್ರಿಕೆ ಉಳಿಯುತ್ತವೆ. ಶಾಲೆಯಲ್ಲಿ ಫೇಲಾದವನು ಅದೇ ತರಗತಿಯಲ್ಲಿ ಕೂರುತ್ತಿದ್ದ, ಅವಮಾನವಾದರೂ ಪಾಠ ಮತ್ತೊಮ್ಮೆ ಕೇಳುತ್ತಿದ್ದ. ಡಿಗ್ರಿಯಲ್ಲಿ ಫೇಲಾದ ವಿಷಯವನ್ನು ಬೆನ್ನಿಗೆ ಹೊತ್ತು ಮುಂದಿನ ಸೆಮಿಸ್ಟರ್‌ಗೆ ನಡೆಯಬಹುದು. ವಿದ್ಯಾರ್ಥಿಯ ಒಳಿತಿಗೆಂದೇ ಮಾಡಿದ ನಿಯಮ. ಆದರೆ ಆ ವಿಷಯದ ಪಾಠ ಮತ್ತೆ ಅವನಿಗೆ ಸಿಗುವುದಿಲ್ಲ. ಹೊಸ ಸೆಮಿಸ್ಟರ್‌ನ ಪತ್ರಿಕೆಗಳ ಜೊತೆ ಹಳೆಯದಕ್ಕೂ ಶುಲ್ಕ ಕಟ್ಟಬೇಕು, ತಾನೇ ಓದಿಕೊಳ್ಳಬೇಕು. ಮರುಮೌಲ್ಯಮಾಪನದ ಫಲಿತಾಂಶ ಬರುವಷ್ಟರಲ್ಲಿ ಮುಂದಿನ ಪರೀಕ್ಷೆಯ ಅರ್ಜಿ ದಿನಾಂಕ ಮುಗಿಯುತ್ತ ಬಂದಿರುತ್ತದೆ. ಎರಡನೇ ಸೆಮಿಸ್ಟರ್‌ನಲ್ಲಿ ಇನ್ನೆರಡು ಉಳಿಯುತ್ತವೆ. ಮೂರನೇ ಸೆಮಿಸ್ಟರ್‌ಗೆ ಪ್ರವೇಶ ಪಡೆಯುವ ದಿನ ಅವನು ಬರುವುದಿಲ್ಲ.

ಬಿಟ್ಟೆಯಾ ಎಂದು ಕೇಳಿ. ಬಿಟ್ಟಿಲ್ಲ. ಸಿಂಧನೂರಿನ ರೈಸ್ ಮಿಲ್ಲಿನಲ್ಲೋ, ಯಾರದೋ ಟ್ರ್ಯಾಕ್ಟರಿನ ಮೇಲೋ, ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡಿಯಲ್ಲೋ ಇರುವ ಇಪ್ಪತ್ತೊಂದರ ಹುಡುಗರನ್ನು ಏನು ಓದಿದ್ದೀರಿ ಎಂದು ವಿಚಾರಿಸಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಡಿಗ್ರಿರೀ ಸರ್, ನಾಕ ಸಬ್ಜೆಕ್ಟ್ ಅದಾವ್ರಿ.’ ಇದು ಸುಳ್ಳಲ್ಲ, ಸಮಜಾಯಿಷಿಯೂ ಅಲ್ಲ. ಅವರ ಮನಸ್ಸಿನಲ್ಲಿ ಕಾಲೇಜು ಇನ್ನೂ ಮುಗಿದಿಲ್ಲ. ಟಿಸಿ ತೆಗೆದುಕೊಂಡಿಲ್ಲ, ಯಾರೂ ಹೆಸರು ಹೊಡೆದುಹಾಕಿಲ್ಲ, ಮುಂದಿನ ಸಲ ಕಟ್ಟಿ ಬರೆಯುವುದೆಂದೇ ಇದೆ. ಕಾಲೇಜು ತೊರೆಯುವ ತೀರ್ಮಾನವನ್ನು ಅವರಲ್ಲಿ ಹೆಚ್ಚಿನವರು ಯಾವತ್ತೂ ಮಾಡಿರುವುದಿಲ್ಲ. ಹಾಗಾಗಿಯೇ ಅವರನ್ನು ತಡೆಯುವ ಒಂದು ಗಳಿಗೆಯೂ ಕಣ್ಣಿಗೆ ಬೀಳುವುದಿಲ್ಲ. ಪದವಿ ಮುಗಿಸಲು ವಿಶ್ವವಿದ್ಯಾಲಯ ಕೊಡುವ ಅವಧಿ ಮಾತ್ರ ಅಲ್ಲಿ ಸದ್ದಿಲ್ಲದೆ ಸರಿಯುತ್ತಿರುತ್ತದೆ.

ಈ ಗಂಟನ್ನು ಇನ್ನಷ್ಟು ಬಿಗಿದದ್ದು ಮೇಲಿನವರ ಪ್ರಯೋಗಗಳು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಡಿಗ್ರಿಗೆ ಮೊದಲು ತಂದವರು ನಾವು ಎಂದು ಕರ್ನಾಟಕ ಹೇಳಿಕೊಂಡಿತು. ನಾಲ್ಕು ವರ್ಷದ ಪದವಿ, ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲೂಯೆನ್ಸಿ, ನಡುವೆ ಬಿಟ್ಟರೆ ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ. ಸರ್ಕಾರ ಬದಲಾಯಿತು, 2024-25ರಿಂದ ಮತ್ತೆ ಮೂರು ವರ್ಷದ ಪದವಿ, ಹೊಸ ಪಠ್ಯಕ್ರಮ. ಎರಡೂ ಕಡೆಯ ವಾದಗಳಲ್ಲಿ ಹುರುಳಿದೆ, ಇಲ್ಲಿ ಅದರ ಚರ್ಚೆ ಬೇಡ. ಆದರೆ 2022ರಲ್ಲಿ ಸೇರಿ ಎರಡು ಪತ್ರಿಕೆ ಉಳಿಸಿಕೊಂಡ ಮಸ್ಕಿಯ ಹುಡುಗಿಗೆ ಆದದ್ದೇನು ಎಂದರೆ, ಅವಳು ಬರೆಯಬೇಕಾದ ಪತ್ರಿಕೆಯ ಪಾಠ ಈಗ ಕಾಲೇಜಿನ ಯಾವ ತರಗತಿಯಲ್ಲೂ ನಡೆಯುತ್ತಿಲ್ಲ. ತಮ್ಮ-ತಂಗಿಯರ ನೋಟ್ಸ್ ಅವಳಿಗೆ ಬಾರದು. ಇದೇ ಅವಧಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಮಡಿಲಿನಿಂದ ರಾಯಚೂರು, ಯಾದಗಿರಿ ಜಿಲ್ಲೆಗಳ ಕಾಲೇಜುಗಳು ಹೊಸ ರಾಯಚೂರು ವಿಶ್ವವಿದ್ಯಾಲಯಕ್ಕೆ ಬಂದವು. ಮಹರ್ಷಿ ವಾಲ್ಮೀಕಿಯ ಹೆಸರನ್ನು ಈಗ ಅದಕ್ಕೆ ಇಟ್ಟಿದ್ದಾರೆ. ವಿಶ್ವವಿದ್ಯಾಲಯ ಹತ್ತಿರವಾದದ್ದು ಒಳ್ಳೆಯದೇ, ಮಾರ್ಕ್ಸ್‌ಕಾರ್ಡಿನ ತಿದ್ದುಪಡಿಗೆಂದು ಕಲಬುರಗಿಗೆ ಹೋಗಿ ಬರುವ ಒಂದು ದಿನದ ಕೂಲಿ ಉಳಿಯುತ್ತದೆ. ಆದರೆ ಹಳೆಯ ಬ್ಯಾಚಿನವರ ಕಾಗದ ಅಲ್ಲಿ, ಹೊಸಬರದು ಇಲ್ಲಿ ಎಂಬ ಗೊಂದಲವನ್ನು ಹಾದುಬಂದವರೂ ಇವರೇ.

ಇನ್ನು ಅರ್ಜಿ, ಶುಲ್ಕ, ಹಾಲ್‌ಟಿಕೆಟ್ ಎಲ್ಲವೂ ಯುಯುಸಿಎಂಎಸ್ ಎಂಬ ತಂತ್ರಾಂಶದ ಮೂಲಕ. ವಿದ್ಯಾರ್ಥಿವೇತನ ಎಸ್‌ಎಸ್‌ಪಿ ಎಂಬ ಜಾಲತಾಣದಲ್ಲಿ. ಲಿಂಗಸುಗೂರಿನ ಯಾವುದೇ ಕಂಪ್ಯೂಟರ್ ಸೆಂಟರಿನ ಮುಂದೆ ಅರ್ಜಿಯ ಕೊನೆಯ ವಾರ ಹೋಗಿ ನಿಂತರೆ ಸಾಕು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕಿನ ಝೆರಾಕ್ಸ್. ಆಧಾರಿನಲ್ಲಿ ಹೆಸರಿನ ಕೊನೆಗೆ ಅಪ್ಪನ ಹೆಸರಿದೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿಲ್ಲ. ಒಟಿಪಿ ಹೋಗುವುದು ಅಣ್ಣನ ನಂಬರಿಗೆ, ಅಣ್ಣ ಬೆಂಗಳೂರಿನಲ್ಲಿ ಏಳನೇ ಅಂತಸ್ತಿನಲ್ಲಿ ಗಾರೆ ಕಲಸುತ್ತಿದ್ದಾನೆ, ಫೋನು ಎತ್ತುತ್ತಿಲ್ಲ. ಸರ್ವರ್ ಬಿಜಿ. ಸೆಂಟರಿನವನು ‘ನಾಳೆ ಬಾರವ್ವಾ’ ಎನ್ನುತ್ತಾನೆ. ಹಳ್ಳಿಯಿಂದ ನಾಳೆ ಬರುವುದೆಂದರೆ ಇನ್ನೊಂದು ದಿನದ ಕೆಲಸ ಕೈಬಿಟ್ಟಂತೆ. ಮೂವತ್ತು ವರ್ಷದ ಹಿಂದೆ ಇದೇ ಕೆಲಸಕ್ಕೆ ಕಾಲೇಜಿನ ಗುಮಾಸ್ತರೊಬ್ಬರು ಇದ್ದರು, ಬೈಯುತ್ತಲೇ ತುಂಬಿಕೊಡುತ್ತಿದ್ದರು. ಆ ಗುಮಾಸ್ತರ ಹುದ್ದೆಗೆ ಬದಲಿ ಬಂದಿಲ್ಲ.

ಹಣ ಇಲ್ಲವೆಂದಲ್ಲ, ಯೋಜನೆಗಳಿಗೆ ಬರವಿಲ್ಲ. ಸರ್ಕಾರಿ ಕಾಲೇಜಿನಲ್ಲಿ ಹುಡುಗಿಯರಿಗೆ ಬೋಧನಾ ಶುಲ್ಕವಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳ ಹಣ ನಿಗದಿಯಾಗಿತ್ತು. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಪದವಿ ಓದುವ ಹುಡುಗರಿಗೆ 5,000, ಹುಡುಗಿಯರಿಗೆ 5,500 ನಿಗದಿಯಾಯಿತು. ಮೊದಲು ಜಮೀನುಳ್ಳವರ ಮಕ್ಕಳಿಗಷ್ಟೇ, ಬಳಿಕ ಕೃಷಿ ಕಾರ್ಮಿಕರ ಮಕ್ಕಳಿಗೂ. ತೊಂದರೆ ಮೊತ್ತದ್ದಲ್ಲ, ಸಮಯದ್ದು. ಪುಸ್ತಕ, ಪಾಸು, ಪರೀಕ್ಷಾ ಶುಲ್ಕಕ್ಕೆ ದುಡ್ಡು ಬೇಕಾಗುವುದು ಸೆಪ್ಟೆಂಬರಿನಿಂದ ಡಿಸೆಂಬರಿನೊಳಗೆ. ವಿದ್ಯಾರ್ಥಿವೇತನ ಖಾತೆಗೆ ಬೀಳುವಷ್ಟರಲ್ಲಿ ವರ್ಷ ಮುಗಿಯುತ್ತ ಬಂದಿರುತ್ತದೆ. ಅಷ್ಟರಲ್ಲಿ ಬಿಟ್ಟವನು ಬಿಟ್ಟಾಗಿರುತ್ತದೆ. ಯುವನಿಧಿಯದಂತೂ ಇನ್ನೂ ವಿಚಿತ್ರ. ಡಿಗ್ರಿ ಪಾಸಾಗಿ ಆರು ತಿಂಗಳು ಕೆಲಸ ಸಿಗದವರಿಗೆ ತಿಂಗಳಿಗೆ 3,000. ಎರಡು ಪತ್ರಿಕೆ ಉಳಿದವನಿಗೆ ಒಂದು ರೂಪಾಯಿಯೂ ಇಲ್ಲ. ಅವನೂ ನಿರುದ್ಯೋಗಿಯೇ, ಪಾಸಾಗಲು ಶುಲ್ಕ ಕಟ್ಟಬೇಕಾದವನೂ ಅವನೇ.

ಪಾಠ ಮಾಡುವವರ ಮಾತು ಹೇಳದಿದ್ದರೆ ಅನ್ಯಾಯ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಿಂತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. 2023ರ ನವೆಂಬರಿನಲ್ಲಿ ಅವರು ಕಾಯಮಾತಿ ಕೇಳಿ ತರಗತಿ ಬಹಿಷ್ಕರಿಸಿದಾಗ ತಿಂಗಳಿಗೂ ಹೆಚ್ಚು ಕಾಲ ಹಲವು ಕಾಲೇಜುಗಳಲ್ಲಿ ಪಾಠವೇ ನಡೆಯಲಿಲ್ಲ. ಬೇಡಿಕೆ ನ್ಯಾಯವಾದದ್ದೇ, ಬರಗಾಲದ ಆ ವರ್ಷ ಮೊದಲ ಸೆಮಿಸ್ಟರ್‌ನಲ್ಲಿದ್ದ ಹುಡುಗರ ದುರದೃಷ್ಟ ಅಷ್ಟೇ. ಬಸ್ ಹಿಡಿದು ಬಂದು, ಎರಡು ದಿನ ತರಗತಿಯಿಲ್ಲದೆ ವಾಪಸ್ಸಾದವನು ಮೂರನೇ ದಿನ ಹೊಲದಲ್ಲಿರುತ್ತಾನೆ. ಅವನನ್ನು ಹೆಸರು ಹಿಡಿದು ಕರೆಯುವ, ‘ಎಲ್ಲಿದ್ದೀಯೋ’ ಎಂದು ಫೋನ್ ಮಾಡುವ ಮೇಷ್ಟ್ರು ಬಹಳ ಸಲ ಅತಿಥಿ ಉಪನ್ಯಾಸಕರೇ ಆಗಿರುತ್ತಾರೆ, ಅವರೂ ಇದೇ ಹಳ್ಳಿಗಳಿಂದ ಹೋಗಿ ಎಂಎ ಮಾಡಿ ಬಂದವರು. ಮರುವರ್ಷ ಅವರ ವರ್ಕ್‌ಲೋಡ್ ಇನ್ನೊಂದು ಊರಿಗೆ ಹೋಗಿರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಗಾಳಿ ದಿಕ್ಕು ಬದಲಿಸಿದೆ. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಬೆಳಗಿನ ಬಸ್ಸುಗಳನ್ನು ನೋಡಿದವರಿಗೆ ಇದು ಗೊತ್ತು. ಬಳಗಾನೂರು, ಜವಳಗೇರಾ, ಗುರುಗುಂಟಾ ಎಲ್ಲಿಂದ ಹೊರಡುವ ಬಸ್ಸಿನಲ್ಲೂ ಬ್ಯಾಗು ತೊಡೆಯ ಮೇಲಿಟ್ಟು ಕೂತ ಹುಡುಗಿಯರು. ಮಗಳ ಓದು ನಿಲ್ಲಿಸಲು ಹೇಳುತ್ತಿದ್ದ ಕಾರಣಗಳಲ್ಲಿ ಬಸ್ ಚಾರ್ಜು ಮೊದಲನೆಯದಾಗಿತ್ತು. ಆ ಕಾರಣ ಈಗ ಹೇಳಲು ಬರುವುದಿಲ್ಲ. ಕೊನೆಯ ಬಸ್ ತಪ್ಪಿದರೆ ಏನು ಎಂಬ ಕಾರಣ ಉಳಿದಿದೆ, ಅದಕ್ಕಿಂತ ಗಟ್ಟಿಯಾಗಿ ಮದುವೆ ಉಳಿದಿದೆ. ಎರಡನೇ ವರ್ಷದಲ್ಲಿ ‘ಹುಡುಗನ ಕಡೆಯವರು ಓದಿಸ್ತೀವಿ ಅಂದಾರ’ ಎಂಬ ಮಾತಿನೊಂದಿಗೆ ಲಗ್ನವಾಗುತ್ತದೆ. ಗಂಡನ ಮನೆ ಕುಷ್ಟಗಿಯ ಕಡೆಗೋ ಸುರಪುರದ ಕಡೆಗೋ. ಪರೀಕ್ಷೆಗೆ ತವರಿಗೆ ಬಂದು ಬರೆದು ಹೋಗುವವರನ್ನು, ಹಾಲಿನ ಹೊರಗೆ ಅಜ್ಜಿಯ ಮಡಿಲಲ್ಲಿ ಕೂಸು ಬಿಟ್ಟು ಒಳಗೆ ಬರೆಯುವವರನ್ನು ನೋಡಿದರೆ ಗೌರವ ಹುಟ್ಟುತ್ತದೆ. ಹುಡುಗರ ಪೈಕಿ ಇಷ್ಟು ಹಟ ಕಾಣುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅವರಿಗೆ ಹೊರಗೆ ಹತ್ತು ದಾರಿಗಳಿವೆ, ಹುಡುಗಿಯರಿಗೆ ಇದೊಂದೇ.

ಹತ್ತು ದಾರಿಗಳಲ್ಲಿ ಕೆಲವು ಒಳ್ಳೆಯವೇ. ಪೊಲೀಸ್ ಕಾನ್‌ಸ್ಟೆಬಲ್, ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೆ ಪಿಯುಸಿ ಸಾಕು. ಸಂವಿಧಾನಕ್ಕೆ 371ಜೆ ತಿದ್ದುಪಡಿ ಬಂದ ಮೇಲೆ ಕಲ್ಯಾಣ ಕರ್ನಾಟಕದವರಿಗೆ ನೇಮಕಾತಿಯಲ್ಲಿ, ವೃತ್ತಿ ಕೋರ್ಸುಗಳ ಸೀಟಿನಲ್ಲಿ ಮೀಸಲು ಸಿಕ್ಕಿತು. ಎರಡನೇ ಸೆಮಿಸ್ಟರ್‌ನಲ್ಲಿ ನೌಕರಿ ಸಿಕ್ಕು ಹೋದವನನ್ನು, ನರ್ಸಿಂಗ್ ಸೀಟು ಸಿಕ್ಕು ಟಿಸಿ ಒಯ್ದವಳನ್ನು ‘ಅರ್ಧಕ್ಕೆ ಬಿಟ್ಟವರು’ ಎನ್ನುವುದು ತಪ್ಪು. ಅದೇ ಧಾರವಾಡದ ಕೋಚಿಂಗಿಗೆಂದು ರೂಮು ಮಾಡಿ, ಅಧಿಸೂಚನೆಗಾಗಿ ಮೂರು ವರ್ಷ ಕಾದು, ಡಿಗ್ರಿಯೂ ಇಲ್ಲದೆ ನೌಕರಿಯೂ ಇಲ್ಲದೆ ಊರಿಗೆ ಮರಳಿದವನದು ಬೇರೆ ಲೆಕ್ಕ. ಹಾಜರಿ ಪುಸ್ತಕದಲ್ಲಿ ಈ ಮೂವರೂ ಒಂದೇ ಥರ: ಹೆಸರಿನ ಮುಂದೆ ಸಾಲಾಗಿ ‘ಎ’, ಆಮೇಲೆ ಖಾಲಿ. ಕಾಲೇಜು ಬಿಟ್ಟದ್ದರ ಬಗ್ಗೆ ಮಾತಾಡುವಾಗ ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕುವುದು ಇದೇ ಕಾರಣಕ್ಕೆ.

ಓದು ಹೀಗೆ ನಡುವೆ ನಿಲ್ಲುವುದನ್ನು ಸರಿಪಡಿಸಿ ತೋರಿಸಿದ ಜಾಗ ಎಲ್ಲಾದರೂ ಇದೆಯೇ? ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ ತನ್ನ ಕಮ್ಯುನಿಟಿ ಕಾಲೇಜುಗಳಲ್ಲಿ 2007ರಲ್ಲಿ ‘ಆಸಾಪ್’ ಎಂಬ ಕಾರ್ಯಕ್ರಮ ತಂದಿತು. ಅದರಲ್ಲಿ ಹೊಸ ಬೋಧನಾ ಕ್ರಾಂತಿಯೇನೂ ಇರಲಿಲ್ಲ. ಶುಲ್ಕದಲ್ಲಿ ಕಡಿಮೆ ಬೀಳುವ ಹಣ ತುಂಬಿಕೊಡುವುದು, ಪುಸ್ತಕಕ್ಕೆ ನೆರವು, ರೈಲು-ಬಸ್ಸಿಗೆ ತಿಂಗಳ ಪಾಸು, ಮತ್ತು ಒಬ್ಬ ಸಲಹೆಗಾರ. ತಿಂಗಳ ಪಾಸು ಕೈಗೆ ಸಿಗಬೇಕಾದರೆ ಸಲಹೆಗಾರರನ್ನು ಕಂಡು ಮಾತಾಡಿ ಬರಬೇಕು ಎಂಬ ಸಣ್ಣ ಷರತ್ತು. ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ ಚೀಟಿ ಎತ್ತಿ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿತು. 2015ರಲ್ಲಿ ಫಲಿತಾಂಶ ಪ್ರಕಟವಾದಾಗ, ಮೂರು ವರ್ಷದೊಳಗೆ ಓದು ಮುಗಿಸಿದವರು ಕಾರ್ಯಕ್ರಮದಲ್ಲಿದ್ದವರಲ್ಲಿ ಶೇ 40, ಇಲ್ಲದವರಲ್ಲಿ ಶೇ 22. ಒಹಾಯೊ ರಾಜ್ಯದಲ್ಲಿ ಅದನ್ನೇ ಮಾಡಿದಾಗಲೂ ಹತ್ತಿರ ಹತ್ತಿರ ಅದೇ ಬಂತು.

ನಮ್ಮಲ್ಲಿ ಇದರ ಬಿಡಿಭಾಗಗಳೆಲ್ಲ ಇವೆ. ಪಾಸು ಇದೆ, ಹುಡುಗಿಯರಿಗೆ ಬಿಟ್ಟಿಯಾಗಿಯೇ ಇದೆ. ಶುಲ್ಕ ಕಡಿಮೆ. ವಿದ್ಯಾರ್ಥಿವೇತನ ಇದೆ, ತಡವಾಗಿಯಾದರೂ. ಸಲಹೆಗಾರರೂ ಕಾಗದದ ಮೇಲೆ ಇದ್ದಾರೆ: ನ್ಯಾಕ್ ಮಾನ್ಯತೆಗಾಗಿ ಪ್ರತಿ ಉಪನ್ಯಾಸಕರಿಗೆ ಇಂತಿಷ್ಟು ವಿದ್ಯಾರ್ಥಿಗಳೆಂದು ಹಂಚಿ ಮೆಂಟರ್ ಪುಸ್ತಕ ಇಡುತ್ತಾರೆ. ಇಲ್ಲದ್ದು ಇವನ್ನು ಒಂದಕ್ಕೊಂದು ಜೋಡಿಸುವ ಕೈ. ಮೊದಲ ಸೆಮಿಸ್ಟರ್ ಫೇಲಾದ ತಕ್ಷಣ, ರಜೆಯ ದಿನಗಳಲ್ಲಿ ಅದೇ ಪತ್ರಿಕೆಗೆ ಮರುಪಾಠ ಸಿಕ್ಕರೆ ಅರ್ಧ ಗಂಟು ಬಿಚ್ಚುತ್ತದೆ. ಹತ್ತಿ ಬಿಡಿಸುವ ತಿಂಗಳಲ್ಲಿ ಇಂಟರ್ನಲ್ ಟೆಸ್ಟಿಗೆ ಎರಡನೇ ದಿನಾಂಕ ಕೊಟ್ಟರೆ ಯಾರ ಗಂಟೂ ಹೋಗುವುದಿಲ್ಲ. ಶಾಲೆಗಳಿಗೆ ದಸರಾ ರಜೆ ಹೊಂದಿಸಲು ಬರುತ್ತದೆ, ನಾಟಿಗೆ ಟೈಮ್‌ಟೇಬಲ್ ಹೊಂದಿಸಲು ಬರದೇ? ಸಂಜೆಯ ತರಗತಿ ಇಟ್ಟರೆ ರೈಸ್ ಮಿಲ್ಲಿನ ಹುಡುಗ ಬಂದಾನು. ಹಟ್ಟಿಯಲ್ಲಿ ಶಿಫ್ಟ್ ಮುಗಿಸಿದವನೂ ಬಂದಾನು. ಕಮ್ಯುನಿಟಿ ಕಾಲೇಜಿನ ಮೂಲ ಯೋಚನೆ ಇದೇ ಆಗಿತ್ತಲ್ಲ.

ಎಣಿಸಲೂ ಈಗ ನೆಪವಿಲ್ಲ. ವಿದ್ಯಾರ್ಥಿಗಳನ್ನು ಇಷ್ಟು ಕಾಡಿದ ಅದೇ ಯುಯುಸಿಎಂಎಸ್‌ನಲ್ಲಿ ಪ್ರತಿಯೊಬ್ಬರಿಗೂ ಒಂದು ನೋಂದಣಿ ಸಂಖ್ಯೆ ಇದೆ. ಯಾರು ಎಂದು ಸೇರಿದರು, ಯಾವ ಪತ್ರಿಕೆ ಉಳಿಯಿತು, ಯಾವ ಸೆಮಿಸ್ಟರ್‌ನ ಶುಲ್ಕ ಕಟ್ಟಲಿಲ್ಲ ಎಂಬುದೆಲ್ಲ ಅದರೊಳಗೆ ಕೂತಿದೆ. ಸೇರಿದವರಲ್ಲಿ ಮುಗಿಸಿದವರೆಷ್ಟು ಎಂಬ ಅಂಕಿಯನ್ನು ಸಿಂಧನೂರು, ಮಸ್ಕಿ, ಲಿಂಗಸುಗೂರು ಕಾಲೇಜುಗಳಿಗೆ ಬೇರೆ ಬೇರೆಯಾಗಿ ತೆಗೆಯಲು ಕಾಲೇಜು ಶಿಕ್ಷಣ ಇಲಾಖೆಗೆ ಒಂದು ಮಧ್ಯಾಹ್ನ ಸಾಕು. ಅಂಕಿ ಕೆಟ್ಟದಾಗಿಯೇ ಬಂದೀತು, ಬ್ಯಾನರ್ ಹಾಕಲು ಒದಗದು. ಬೇಕಾದ್ದು ಮೂರನೇ ಸೆಮಿಸ್ಟರ್‌ನ ಶುಲ್ಕ ಕಟ್ಟಲು ಕೊನೆಯ ದಿನ ಮುಗಿಯುವ ಮೊದಲು, ಕಟ್ಟದವರ ಪಟ್ಟಿಯೊಂದು ಪ್ರಾಂಶುಪಾಲರ ಮೇಜಿಗೆ ಬರುವುದು. ಆ ಪಟ್ಟಿಯಲ್ಲಿ ಫೋನ್ ನಂಬರುಗಳೂ ಇರುತ್ತವೆ. ಕೆಲವು ಅಣ್ಣಂದಿರವು, ಬೆಂಗಳೂರಿನಲ್ಲಿ ರಿಂಗಾಗುತ್ತವೆ. ಸಂಜೆ ಏಳರ ಮೇಲೆ ಮಾಡಿದರೆ ಎತ್ತುತ್ತಾರೆ.